ಪ್ರತಿಕ್ರಿಯೆ: ಆಂಟಿಕಿಥೆರಾ ಯಂತ್ರ ಆ ಕಾಲದ್ದೇ
ಆಂಟಿಕಿಥೆರಾ ಯಂತ್ರ ಅಂದ್ರೆ ಸೂರ್ಯ, ಚಂದ್ರರ ಚಲನೆ ಮತ್ತು ಗ್ರಹಣಗಳನ್ನು ಲೆಕ್ಕ ಹಾಕುತ್ತಿದ್ದ ಪ್ರಾಚೀನ ಗ್ರೀಕ್ ಯಂತ್ರ. ಎರಡು ಸಾವಿರ ವರ್ಷದ ಹಿಂದೆ ಇಂಥ ಹಲ್ಲುಚಕ್ರದ ಯಂತ್ರ ಹೇಗೆ ಬಂತು, ಅನ್ಯಗ್ರಹದವರು ಕೊಟ್ಟಿದ್ದಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ.

ಗ್ರೀಸ್‌ನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಇದನ್ನು ಮೇಲೆತ್ತಿದರು. ಒಳಗಿನ ಒಂದು ಚಕ್ರಕ್ಕೆ 223 ಹಲ್ಲು. ಸುಮ್ನೆ ಇಟ್ಟ ಸಂಖ್ಯೆ ಅಲ್ಲ ಅದು. 223 ಚಾಂದ್ರಮಾಸ ಕಳೆದರೆ ಗ್ರಹಣಗಳು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಮರಳುತ್ತವೆ. ಈ ಲೆಕ್ಕ ಬ್ಯಾಬಿಲೋನಿನವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಮೇಲೆ ಕೆತ್ತಿರುವ ಬರಹವೂ ಗ್ರೀಕ್. ಅನ್ಯಗ್ರಹದವರು ಗ್ರೀಕ್ ಕಲಿತು ಬಂದಿದ್ರಾ!

ಇಂಥ ಇನ್ನೊಂದು ಯಂತ್ರ ಯಾಕೆ ಸಿಗಲಿಲ್ಲ ಅಂದ್ರೆ, ಇದು ಕಂಚಿನದು, ಆಗ ಕಂಚಿಗೆ ಬೆಲೆ ಜಾಸ್ತಿ. ಹಳೆಯದನ್ನು ಕರಗಿಸಿ ಬೇರೆ ಏನಾದರೂ ಮಾಡಿಕೊಳ್ಳುತ್ತಿದ್ದರು. ಇದು ಸಮುದ್ರದ ತಳ ಸೇರಿದ್ದಕ್ಕೆ ಉಳಿಯಿತು, ಅಷ್ಟೇ. ಗ್ರಹಗಳ ಚಲನೆ ತೋರಿಸುವ ಯಂತ್ರವನ್ನು ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಮಾಡಿದ್ದ ಅಂತ ಪ್ರಾಚೀನ ರೋಮ್‌ನ ಲೇಖಕ ಸಿಸೆರೋ ಬರೆದಿದ್ದಾನೆ. ಹಾಗಾಗಿ ಇದೊಂದೇ ಇತ್ತು ಅಂತ ನನಗಂತೂ ಅನಿಸುವುದಿಲ್ಲ.