ಅಪ್ಪನಿಗೆ ಓದಿ ಹೇಳುವ ಹುಡುಗ

ಅಪ್ಪನ ಜೊತೆ ನನ್ನ ಹತ್ತಿರ ಸಲಹೆಗೆ ಬಂದಿದ್ದ ಹತ್ತನೇ ಕ್ಲಾಸಿನ ಹುಡುಗ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು, ಕನ್ನಡ ಮೀಡಿಯಂ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಓಣಂ ಪರೀಕ್ಷೆಯ, ಅಂದರೆ ವರ್ಷದ ಮೊದಲ ಟರ್ಮ್ ಪರೀಕ್ಷೆಯ, ಲೆಕ್ಕದಲ್ಲಿ 80ಕ್ಕೆ 17 ಬಂದಿತ್ತು. ಡಿ ಗ್ರೇಡ್. ಪಾಸಾಗಲು ಡಿ ಪ್ಲಸ್ ಬೇಕು, ಅಂದರೆ 24. ಪೇಪರಿಗೆ ಅಪ್ಪನ ಸಹಿಯನ್ನು ತಾನೇ ಹಾಕಿದ. ಇಷ್ಟು ಎಲ್ಲ ಊರಲ್ಲೂ ಇರುವ ಕತೆ. ಮುಂದಿನದು ನಮ್ಮ ಕಾಸರಗೋಡಿನದು.

ಅಪ್ಪನಿಗೆ ಮಲಯಾಳಂ ಮಾತಾಡುವುದು ನೀರು ಕುಡಿದಷ್ಟು ಸುಲಭ. ಓದಲು ಬರುವುದಿಲ್ಲ. ಪಂಚಾಯತಿನ ಕಾಗದವಿರಲಿ, ಕ್ಲಾಸಿನ ವಾಟ್ಸಾಪ್ ಗ್ರೂಪಿರಲಿ, ಮನೆಯಲ್ಲಿ ಓದಿ ಹೇಳುವವನು ಮಗನೇ. ಹೆತ್ತವರನ್ನು ಕರೆಯುವ ಪಿಟಿಎ ಮೀಟಿಂಗಿನ ಮೆಸೇಜು ಬಂದಾಗ ಅಪ್ಪ ಅಡಿಕೆಗೆ ಮದ್ದು ಬಿಟ್ಟು ಬಂದಿದ್ದರು. ಕೈಯೆಲ್ಲ ಮೈಲುತುತ್ತಿನ ನೀಲಿ. "ಎಂತದಂತೆ, ನೋಡು ಮಾರಾಯ" ಎಂದರು. "ನಾಳೆ ಯೂನಿಫಾರ್ಮ್ ಹಾಕಿಯೇ ಬರಬೇಕಂತೆ" ಎಂದ ಮಗ.

ಮೀಟಿಂಗಿಗೆ ಯಾಕೆ ಬರಲಿಲ್ಲ ಎಂದು ಟೀಚರ್ ಫೋನ್ ಮಾಡಿದಾಗ ಎಲ್ಲ ಹೊರಬಿತ್ತು.

"ಮಾರ್ಕು ಹಾಳಾಗಲಿ ಮೇಡಂ. ನನ್ನ ಕಣ್ಣೆದುರೇ ಇಲ್ಲದ್ದನ್ನು ಓದಿದ ಅಲ್ವಾ?" ಅಪ್ಪನಿಗೆ ಚುಚ್ಚಿದ್ದು ಅದು.

ಹುಡುಗನ ಹತ್ತಿರ ಒಬ್ಬನೇ ಇದ್ದಾಗ ಮಾತಾಡಿದೆ. ತುಂಬ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಕೂತ. ಆಮೇಲೆ ಹೇಳಿದ: "ಇಂಗ್ಲಿಷ್ ಮೀಡಿಯಂಗೆ ಹಾಕಿ ಅಂತ ಮಾವ ಹೇಳ್ತಾನೇ ಇದ್ದರು. ಅಪ್ಪ ಕೇಳಲಿಲ್ಲ. ಈಗ ಮಾವನ ಎದುರು ಅಪ್ಪ ಎಂತ ಹೇಳುವುದು?" ಪೆಟ್ಟಿನ ಹೆದರಿಕೆ ಇರಬಹುದು ಎಂದುಕೊಂಡಿದ್ದೆ. ಅಪ್ಪ ತಲೆ ತಗ್ಗಿಸಬಾರದು ಅನ್ನುವುದೇ ಅವನ ಚಿಂತೆ.

ನೋಟ್ಸ್ ತೆಗೆಸಿ ನೋಡಿದೆ. ಸಮಾಂತರ ಶ್ರೇಣಿ ಪಾಠದಲ್ಲಿ ಟೀಚರ್ ಹೇಳಿದ ಮಲಯಾಳಂ ಶಬ್ದವನ್ನು ಕನ್ನಡ ಅಕ್ಷರದಲ್ಲೇ 'ಪೊದು ವ್ಯತ್ಯಾಸಂ' ಎಂದು ಬರೆದುಕೊಂಡಿದ್ದ. ಲೆಕ್ಕದ ಟೀಚರಿಗೆ ಕನ್ನಡ ಬರುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಇದ್ದದ್ದು 'ಸಾಮಾನ್ಯ ವ್ಯತ್ಯಾಸ'. ಎರಡೂ ಒಂದೇ ಎಂದು ಪರೀಕ್ಷೆ ಮುಗಿದ ಮೇಲೆ ಗೊತ್ತಾಯಿತಂತೆ. "ಪಾಠಪುಸ್ತಕ ಕನ್ನಡದಲ್ಲೇ ಇದೆಯಲ್ಲ, ತೆರೆದು ನೋಡಲಿಲ್ವಾ?" ಎಂದೆ. ನಕ್ಕ. ಎಲ್ಲವನ್ನೂ ಟೀಚರ್ ತಲೆಗೆ ಕಟ್ಟುವ ಹಾಗೂ ಇರಲಿಲ್ಲ.

ಅವನಿಗೆ ಹೇಳಿದ್ದು ಮೂರು ಮಾತು. ಮಾವನ ವಿಷಯ ಅಪ್ಪನಿಗೆ ನೀನೇ ಹೇಳು, ಇವತ್ತೇ. ಸಹಿ ನಿನ್ನದೆಂದು ಟೀಚರಿಗೂ ಹೇಳು, ಪಕ್ಕದಲ್ಲಿ ಅಪ್ಪ ನಿಜವಾದ ಸಹಿ ಹಾಕಲಿ. ಕ್ರಿಸ್ಮಸ್ ಪರೀಕ್ಷೆಯೊಳಗೆ ಪುಸ್ತಕ ಎದುರಿಗಿಟ್ಟು ಎರಡು ಭಾಷೆಯ ಶಬ್ದಗಳ ಒಂದು ಪಟ್ಟಿ ಮಾಡು.

ಅಪ್ಪನ ಜೊತೆ ಜಾಸ್ತಿ ಹೊತ್ತು ಬೇಕಾಯಿತು. ಇನ್ನು ಮೇಲೆ ಮೆಸೇಜನ್ನೆಲ್ಲ ಅಂಗಡಿಯವರಿಂದ ಓದಿಸುತ್ತೇನೆ ಎಂದು ಹಟ ಹಿಡಿದಿದ್ದರು. ಬೇಡ ಎಂದೆ. "ಸಹಿಗೆ ಬೈಯಿರಿ, ಒಂದು ದಿನ ಸಾಕು. ನೆಂಟರ ಎದುರು ಎತ್ತಬೇಡಿ. ಓದುವ ಕೆಲಸ ಮಾತ್ರ ಅವನ ಕೈಯಿಂದ ಕಿತ್ತುಕೊಳ್ಳಬೇಡಿ. ಮುಖ್ಯವಾದದ್ದನ್ನು ವಾಯ್ಸ್ ಮೆಸೇಜು ಹಾಕಿ ಎಂದು ಟೀಚರ್ ಹತ್ತಿರ ಕೇಳಿ. ತಿಂಗಳಿಗೊಮ್ಮೆ ನೀವೇ ಫೋನ್ ಮಾಡಿ, ಮಾತಾಡಲು ಬರುತ್ತದಲ್ಲ."

"ನೋಡುವ" ಎಂದರು, ಅಷ್ಟೇ.

ಮೂರು ವಾರ ಬಿಟ್ಟು ಇಬ್ಬರೂ ಬಂದರು. ಪಟ್ಟಿ ಎರಡು ಪುಟ ಆಗಿತ್ತು. ಟೀಚರ್ ಈಗ ವಾಯ್ಸ್ ಹಾಕುತ್ತಾರಂತೆ. "ಬರೆದದ್ದನ್ನು ಮಾತ್ರ ಇವನೇ ಓದುವುದು" ಎಂದರು ಅಪ್ಪ.

"ಎರಡೆರಡು ಸಲ ಓದಿಸ್ತಾರೆ" ಎಂದು ಹುಡುಗ ಗೊಣಗಿದ.