ಬೇರೆ ದೇಶದ ರಾಜಕಾರಣಿಗಳ ಸೋಷಿಯಲ್ ಮೀಡಿಯಾ ತಂತ್ರ ಕಲಬುರಗಿಯಲ್ಲಿ ನಡೆಯುತ್ತಾ?

ಅರ್ಧ ನಡೆಯುತ್ತದೆ. ಟ್ರಂಪ್‌ಗೆ ಟ್ವಿಟರ್ ಒಗ್ಗಿತು, ಪತ್ರಕರ್ತರೆಲ್ಲ ಅಲ್ಲೇ ಇದ್ದರು, ಟ್ವೀಟೇ ಸುದ್ದಿಯಾಗುತ್ತಿತ್ತು. ಫಿಲಿಪ್ಪೀನ್ಸ್‌ನ ದುತೆರ್ತೆ 2016ರ ಅಧ್ಯಕ್ಷ ಚುನಾವಣೆಯಲ್ಲಿ ಫೇಸ್‌ಬುಕ್ ನೆಚ್ಚಿಕೊಂಡರು, ಬ್ರೆಜಿಲ್‌ನ ಬೋಲ್ಸೊನಾರೊ ಬೆಂಬಲಿಗರು 2018ರಲ್ಲಿ ವಾಟ್ಸ್ಆ್ಯಪ್ ಗುಂಪುಗಳನ್ನು. ಆಳಂದ, ಸೇಡಂ ಹಳ್ಳಿಗಳಿಗೆ ಹೊಂದುವುದು ಬ್ರೆಜಿಲ್ ದಾರಿಯೇ. ಆದರೆ ಈಗ ಒಮ್ಮೆಗೆ ಐದೇ ಚಾಟ್‌ಗೆ ಫಾರ್ವರ್ಡ್ ಆಗುತ್ತದೆ. ಹಲವು ಕೈ ದಾಟಿ ಬಂದ ಸಂದೇಶವಾದರೆ ಒಂದಕ್ಕೆ ಮಾತ್ರ. ಹಾಗಾಗಿ ಬೂತ್‌ಗೊಂದು ಗುಂಪು ಮಾಡಿ, ಕನ್ನಡದ ಜೊತೆ ಉರ್ದು, ಲಂಬಾಣಿಯಲ್ಲೂ ಅರ್ಧ ನಿಮಿಷದ ಧ್ವನಿ ಸಂದೇಶ ಹಾಕಿ. ಉದ್ದುದ್ದ ಪೋಸ್ಟ್ ಬಿಡಿ, ಯಾರು ಓದ್ತಾರೆ!

ಎಡವುವುದು ಲೆಕ್ಕದಲ್ಲಿ: ಹಣ ಕೊಟ್ಟು ಹಾಕುವ ಜಾಹೀರಾತಿಗೆ ಎಂಸಿಎಂಸಿ (ಚುನಾವಣಾ ಜಾಹೀರಾತು ಪರಿಶೀಲಿಸುವ ಸಮಿತಿ) ಪೂರ್ವಾನುಮತಿ ಬೇಕು. ಅದರ ಖರ್ಚು, ಪೋಸ್ಟ್ ಮಾಡುವ ಹುಡುಗರ ಸಂಬಳ ಎರಡೂ ವಿಧಾನಸಭೆ ಅಭ್ಯರ್ಥಿಯ 40 ಲಕ್ಷ ರೂಪಾಯಿ ಮಿತಿಯೊಳಗೇ ಬರುತ್ತವೆ. ಅಭ್ಯರ್ಥಿಯ ಸೋಷಿಯಲ್ ಮೀಡಿಯಾ ಖಾತೆಗಳ ವಿವರವನ್ನು ನಾಮಪತ್ರದ ಜೊತೆ ನಮೂನೆ 26ರ ಪ್ರಮಾಣಪತ್ರದಲ್ಲಿ ಕೊಡಬೇಕು.