ರೇಡಿಯೊಗೆ ಬಾಯಿದೆ, ಬಾಯಿಬಿಟ್ಟೇ ಕೇಳಿ

ಪ್ರಶ್ನೆ: ನಾನು ಒಂದು ಸಮುದಾಯ ರೇಡಿಯೊದಲ್ಲಿ ಸ್ವಯಂಸೇವಕಿ. ಹೋದ ವರ್ಷ ಕಷ್ಟಪಟ್ಟು ವೆಬ್‌ಸೈಟ್ ಮಾಡಿಸಿದೆವು. ನೇರ ಪ್ರಸಾರ, ಹಳೆಯ ಕಾರ್ಯಕ್ರಮ, ವೇಳಾಪಟ್ಟಿ ಎಲ್ಲ ಇದೆ. ಕೇಳುಗರಿಗೆ ಹೇಗನ್ನಿಸುತ್ತಿದೆ ತಿಳಿಯೋಣ ಅಂತ ಅದರಲ್ಲೇ 22 ಪ್ರಶ್ನೆಗಳ ಒಂದು ಫಾರ್ಮ್ ಹಾಕಿದೆವು. ಎರಡು ತಿಂಗಳಲ್ಲಿ ಬಂದದ್ದು 9 ಉತ್ತರ, ಅದರಲ್ಲಿ 4 ನಮ್ಮವರದ್ದೇ! ಎಲ್ಲರೂ ‘ತುಂಬಾ ಚೆನ್ನಾಗಿದೆ’ ಅಂದಿದ್ದಾರೆ. ಎಲ್ಲಿ ಎಡವಿದೆವು? (ಹೆಸರು, ಊರು ಬೇಡ ಎಂದಿದ್ದಾರೆ)

ಉತ್ತರ: ಫಾರ್ಮ್ ಹಾಕಿದ ಜಾಗದಲ್ಲೇ ಎಡವಿದಿರಿ. ವೆಬ್‌ಸೈಟ್ ತೆರೆಯಲಾಗದೆ ಬಿಟ್ಟುಹೋದವರಿಗೆ ಆ ಫಾರ್ಮ್ ಕಾಣುವುದೇ ಇಲ್ಲ ಅಲ್ವಾ? ಹೊರಟ ಬಸ್ಸಿನೊಳಗೆ ನಿಂತು ಕಂಡಕ್ಟರ್ ‘ಯಾರಿಗಾದ್ರೂ ಬಸ್ ತಪ್ಪಿತಾ?’ ಅಂತ ಕೇಳಿದ ಹಾಗಾಯಿತು ಇದು.

ನಿಮ್ಮ ಕೈಯಲ್ಲಿ ಮೈಕ್ ಇದೆ ಮೇಡಂ. ಪತ್ರಿಕೆಯವರಾದ ನಮಗೆ ಆ ಭಾಗ್ಯ ಇಲ್ಲ. ಸಂಜೆ ಜಾಸ್ತಿ ಜನ ಕೇಳುವ ಕಾರ್ಯಕ್ರಮದ ನಡುವೆ, ಅರ್ಧ ನಿಮಿಷ, ನಿಮ್ಮ ದನಿಯಲ್ಲೇ ಕೇಳಿ. ಆದರೆ ‘ನಮ್ಮ ವೆಬ್‌ಸೈಟ್ ಹೇಗಿದೆ?’ ಅಂತ ಮಾತ್ರ ಕೇಳಬೇಡಿ. ಮನೆಗೆ ಬಂದ ನೆಂಟರನ್ನು ‘ಉಪ್ಪಿಟ್ಟು ಹೇಗಿದೆ?’ ಅಂದರೆ ಯಾರು ತಾನೇ ಚೆನ್ನಾಗಿಲ್ಲ ಅಂತಾರೆ? ತಟ್ಟೆಯಲ್ಲಿ ಎಷ್ಟು ಬಿಟ್ಟರು ನೋಡಬೇಕು. ಅದಕ್ಕೇ ಹೀಗೆ ಕೇಳಿ: ಹೋದ ಸಲ ಏನು ಹುಡುಕಿಕೊಂಡು ಬಂದಿರಿ? ಸಿಕ್ಕಿತಾ? ಸಿಗದಿದ್ದರೆ ಆಮೇಲೆ ಏನು ಮಾಡಿದಿರಿ? ಈ ಮೂರೇ ಸಾಕು, ಉಳಿದ 19 ಪ್ರಶ್ನೆ ಸುಮ್ನೆ ತೆಗೆದುಬಿಡಿ. ವಯಸ್ಸು, ವಿಳಾಸ, ಇಮೇಲ್ ಎಲ್ಲ ಕೇಳಿದರೆ ಯಾವುದೋ ಸಾಲದ ಅರ್ಜಿ ಇರಬೇಕು ಅಂತ ಜನ ಹೆದರುತ್ತಾರೆ. ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಕಳಿಸಲಿ. ಕನ್ನಡದಲ್ಲಿ ಟೈಪ್ ಮಾಡೋದು ಈಗಲೂ ಎಷ್ಟೋ ಜನರಿಗೆ ತಲೆನೋವು, ಮಾತಾಡೋದು ಯಾರಿಗೂ ಅಲ್ಲ.

ಇನ್ನೊಂದು ಕೆಲಸ ಇದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಒಬ್ಬರ ಪಕ್ಕ ಕೂತು ನೋಡಿ. ವೆಬ್‌ಸೈಟ್‌ಗಳ ಬಳಕೆ ಬಗ್ಗೆ ಬರೆಯುವ ಯಾಕೋಬ್ ನೀಲ್ಸನ್ 2000ದಲ್ಲಿ ಒಂದು ಲೆಕ್ಕ ಕೊಟ್ಟಿದ್ದರು: 5 ಜನ ಬಳಸುವುದನ್ನು ನೋಡಿದರೆ ಸಾಕು, ಸುಮಾರು 85% ತೊಂದರೆಗಳು ಕಣ್ಣಿಗೆ ಬೀಳುತ್ತವೆ ಅಂತ. ಆ ಲೆಕ್ಕದ ಬಗ್ಗೆ ತಕರಾರು ಇದ್ದೇ ಇದೆ. ಆದರೆ ಒಬ್ಬರನ್ನೂ ನೋಡದವರಿಗಿಂತ ಐವರನ್ನು ನೋಡಿದವರು ವಾಸಿ.

ನಾನು ಪಕ್ಕದ ಮನೆಯ ಅಜ್ಜಿಯ ಜೊತೆ ಹೀಗೆ ಕೂತಿದ್ದೆ. ಯಾವ ನಿಲಯದ ವೆಬ್‌ಸೈಟ್ ಅನ್ನೋದು ಬೇಡ. ‘ನಿನ್ನೆಯ ಕೃಷಿ ಕಾರ್ಯಕ್ರಮ ಹಾಕಿ ನೋಡೋಣ’ ಅಂದೆ. ಮೇಲ್ಗಡೆ ಹಳೇ ಕಾಲದ ರೇಡಿಯೊದ ದೊಡ್ಡ ಚಿತ್ರ ಇತ್ತು. ಅಜ್ಜಿ ಅದರ ಗುಂಡಿಯನ್ನು ಒತ್ತಿದರು. ಮತ್ತೆ ಒತ್ತಿದರು. ಮೂರನೇ ಸಲ ಉಗುರಿನಿಂದ ಒತ್ತಿದರು. ಅದು ಬರೀ ಚಿತ್ರ! ನಿಜವಾದ ಗುಂಡಿ ಕೆಳಗೆ ಇತ್ತು, ಬೂದುಬಣ್ಣದ ಪುಟ್ಟ ತ್ರಿಕೋನ, ನನಗೂ ಕನ್ನಡಕ ಹಾಕಿಕೊಂಡ ಮೇಲೇ ಕಂಡಿದ್ದು. ‘ಕೆಟ್ಟಿರೋ ರೇಡಿಯೊನ ಯಾಕಪ್ಪಾ ಇಟ್ಕೊಂಡಿದ್ದಾರೆ?’ ಅಂದು ಫೋನ್ ವಾಪಸ್ ಕೊಟ್ಟರು. ಈ ಒಂದು ಮಾತು ನಿಮ್ಮ 22 ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರವಾಗಿ ಬರುತ್ತಿತ್ತು ಹೇಳಿ?

ಪ್ರಶ್ನೆ: ಅಭಿಪ್ರಾಯ ಕೇಳುವುದು ಈಗಿನ ಫ್ಯಾಷನ್ ಅಷ್ಟೆ. ನಮ್ಮ ಕಾಲದಲ್ಲಿ ರೇಡಿಯೊದವರು ಯಾರನ್ನೂ ಕೇಳುತ್ತಿರಲಿಲ್ಲ, ಆದರೂ ಚೆನ್ನಾಗಿತ್ತು. (ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಮೇಷ್ಟ್ರೇ, ಕೇಳುತ್ತಿದ್ದರು. ನೀವೂ ಒಂದೆರಡು ಕಾರ್ಡು ಬರೆದೇ ಇರುತ್ತೀರಿ. ಪತ್ರದ ಕಾರ್ಯಕ್ರಮದಲ್ಲಿ ‘ಇಂಥ ಊರಿನಿಂದ ಇಂಥವರು ಬರೆಯುತ್ತಾರೆ’ ಅಂತ ನಮ್ಮ ಹೆಸರು ಬರುತ್ತದಾ ಅಂತ ಇಡೀ ಮನೆ ಕಿವಿಗೊಟ್ಟು ಕೂರುತ್ತಿರಲಿಲ್ಲವೇ?

ಇದಕ್ಕಿಂತ ದೊಡ್ಡ ಕತೆ ಒಂದಿದೆ. 1956ರಲ್ಲಿ ಯುನೆಸ್ಕೊ ನೆರವಿನಿಂದ ಆಕಾಶವಾಣಿ ಪುಣೆಯ ಸುತ್ತಿನ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೈತರ ರೇಡಿಯೊ ಕೂಟಗಳನ್ನು ಕಟ್ಟಿತು. ವಾರಕ್ಕೆ ಎರಡು ಸಲ ಅರ್ಧ ಗಂಟೆ ಕಾರ್ಯಕ್ರಮ, ಒಟ್ಟು 20. ಊರಿನವರು ಒಟ್ಟಿಗೆ ಕೂತು ಕೇಳೋದು, ಆಮೇಲೆ ಚರ್ಚೆ ಮಾಡೋದು, ಏನು ಅರ್ಥವಾಯಿತು, ಯಾವುದು ಆಗಲಿಲ್ಲ ಅಂತ ಒಬ್ಬರು ಬರೆದು ನಿಲಯಕ್ಕೆ ಕಳಿಸೋದು. ಅವರ ಪ್ರಶ್ನೆಗಳಿಗೆ ಮುಂದಿನ ಕಾರ್ಯಕ್ರಮಗಳಲ್ಲಿ ಉತ್ತರ. ಇಂಟರ್ನೆಟ್ ಎಲ್ಲಿತ್ತು ಆಗ? ಅಂಚೆಯಲ್ಲೇ ನಡೆಯಿತು.

ನಮ್ಮ ಮೈಸೂರಿನ ಮಾತು ಬಂದರೆ, 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಯಂತ್ರ ಇಟ್ಟುಕೊಂಡು ನಿಲಯ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದದ್ದು ಮನಶ್ಶಾಸ್ತ್ರ. ಕೇಳುಗರ ಮನಸ್ಸು ತಿಳಿಯುವ ಕೆಲಸಕ್ಕೆ ನಮ್ಮಲ್ಲಿ ಒಳ್ಳೆಯ ಬೋಣಿಯೇ ಆಗಿತ್ತು ಅಂತ ನಾನು ತಮಾಷೆಗೆ ಹೇಳುವುದುಂಟು.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಫೋನಿನ ಟಾಕ್‌ಬ್ಯಾಕ್ ಓದಿ ಹೇಳುತ್ತದೆ. ನಾನು ಇಷ್ಟಪಡುವ ಒಂದು ನಿಲಯದ ವೆಬ್‌ಸೈಟ್‌ನಲ್ಲಿ ಎಲ್ಲಿ ಬೆರಳಿಟ್ಟರೂ ‘ಬಟನ್, ಬಟನ್’ ಅನ್ನುತ್ತದೆ, ಯಾವುದರ ಬಟನ್ ಅಂತ ಹೇಳುವುದಿಲ್ಲ. ಅಭಿಪ್ರಾಯ ಕೇಳಿದ್ದಾರೆ, ಏನಂತ ಬರೆಯಲಿ? (ಓದುಗರು, ತುಮಕೂರು)

ಉತ್ತರ: ಕಿವಿಯನ್ನೇ ನಂಬಿದ ಮಾಧ್ಯಮ ಕಿವಿಯನ್ನೇ ನಂಬಿದವರನ್ನು ಬಾಗಿಲಲ್ಲಿ ನಿಲ್ಲಿಸುವುದು ಅಂದರೆ ಇದೇ ನೋಡಿ, ನನಗೆ ಓದುವಾಗಲೇ ಸಿಟ್ಟು ಬಂತು. ಇದು ದೊಡ್ಡ ರಿಪೇರಿಯೇನಲ್ಲ. ಒಂದೊಂದು ಗುಂಡಿಗೂ ‘ಕೇಳಿ’, ‘ನಿಲ್ಲಿಸಿ’, ‘ಮುಂದಿನದು’ ಅಂತ ಒಳಗೆ ಹೆಸರು ಬರೆಯಬೇಕು, ಅಷ್ಟೇ. ಯಾರಿಗೂ ತೋಚಿಲ್ಲ, ಯಾಕೆಂದರೆ ಮಾಡಿದವರಿಗೆ ಕಣ್ಣು ಕಾಣುತ್ತದೆ.

‘ಸರಿಯಿಲ್ಲ’ ಅಂತ ಬರೆದರೆ ಅದು ಫೈಲಿಗೆ ಸೇರುತ್ತದೆ. ಹೀಗೆ ಬರೆಯಿರಿ: ಯಾವ ಫೋನು, ಯಾವ ಪುಟ, ಯಾವ ಕಾರ್ಯಕ್ರಮಕ್ಕೆ ಹೋಗುತ್ತಿದ್ದಿರಿ, ಫೋನ್ ಏನಂತ ಓದಿತು. ಸಾಧ್ಯವಾದರೆ ಮನೆಯವರ ಕೈಲಿ 20 ಸೆಕೆಂಡು ಸ್ಕ್ರೀನ್ ರೆಕಾರ್ಡ್ ಮಾಡಿಸಿ ಕಳಿಸಿ. ಆ ‘ಬಟನ್, ಬಟನ್’ ಅವರ ಕಿವಿಗೂ ಬೀಳಲಿ. ಡಿಜಿಟಲ್ ಮಾಹಿತಿ ಎಲ್ಲರ ಕೈಗೂ ಎಟುಕಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಅದನ್ನೂ ಒಂದು ಸಾಲು ಸೇರಿಸಿ, ತಪ್ಪೇನಿಲ್ಲ. ನೀವು ಕೇಳುತ್ತಿರುವುದು ದಯೆ ಅಲ್ಲ.

ಪ್ರಶ್ನೆ: ವೇಳಾಪಟ್ಟಿ ತೆರೆದರೆ ಕನ್ನಡದ ಬದಲು ಟೋಪಿ, ಕೊಂಬು ಇರುವ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ನನ್ನ ಫೋನ್ ಹಾಳಾಗಿದೆಯಾ? (ಓದುಗರು, ಹಾವೇರಿ)

ಉತ್ತರ: ಫೋನ್ ಗಟ್ಟಿಯಾಗಿದೆ. ಅವರು ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ (ಎಲ್ಲ ಫೋನು, ಕಂಪ್ಯೂಟರುಗಳೂ ಒಂದೇ ಥರ ಓದುವ ಅಕ್ಷರ ಸಂಕೇತಕ್ಕೆ) ಬದಲಾಯಿಸದೆ ಹಾಗೇ ಅಂಟಿಸಿದ್ದಾರೆ. ಇಷ್ಟನ್ನೇ ಬರೆದು ಕಳಿಸಿ, ಬದಲಾಯಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಇದಕ್ಕೆ ಪರಿಹಾರ ಅಂತ ಕೆಲವರು ಕಾಗದದ ಪಟ್ಟಿಯ ಫೋಟೊ ತೆಗೆದು ಹಾಕುತ್ತಾರೆ. ಅದು ಬೇಡ ಅಂತಾನೂ ಈಗಲೇ ಹೇಳಿಬಿಡಿ. ಫೋಟೊದೊಳಗಿನ ಅಕ್ಷರವನ್ನು ಹುಡುಕೋಕೂ ಆಗಲ್ಲ, ಮೇಲಿನ ತುಮಕೂರಿನವರಿಗೆ ಫೋನ್ ಸರಿಯಾಗಿ ಓದಿ ಹೇಳೋದೂ ಕಷ್ಟ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಂದು ಗಂಟೆ ರೇಡಿಯೊ ಕೇಳಿದರೆ ಎಷ್ಟು ಡೇಟಾ ಹೋಗುತ್ತದೆ? (ಓದುಗರು, ಚಳ್ಳಕೆರೆ)

ಉತ್ತರ: ಪ್ರಸಾರದ ವೇಗ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್ ಡೇಟಾ) ಆದರೆ ಸುಮಾರು 29 ಎಂಬಿ, 128 ಆದರೆ ಅದರ ಎರಡರಷ್ಟು. ಮಾತಿನ ಕಾರ್ಯಕ್ರಮಕ್ಕೆ 64 ಧಾರಾಳ.

ಪ್ರಶ್ನೆ: ಮಗಳು ಕುವೈತ್‌ನಲ್ಲಿದ್ದಾಳೆ. ನಮ್ಮೂರ ಸಮುದಾಯ ರೇಡಿಯೊವನ್ನು ವೆಬ್‌ಸೈಟ್‌ನಲ್ಲಿ ಕೇಳುತ್ತಾಳೆ. ಅವರು ಅಭಿಪ್ರಾಯ ಕೇಳಿದ್ದು ಊರಿನವರಿಗೆ, ನಾನು ಬರೆಯಬಹುದಾ ಅಂತ ಅವಳ ಅನುಮಾನ. (ಓದುಗರು, ಕುಂದಾಪುರ)

ಉತ್ತರ: ಅವಳೇ ಮೊದಲು ಬರೆಯಬೇಕು. ಸಮುದಾಯ ರೇಡಿಯೊದ ಎಫ್‌ಎಂ ಅಲೆ ಸಾಮಾನ್ಯವಾಗಿ 10–15 ಕಿಲೋಮೀಟರಿಗೆ ಮುಗಿಯುತ್ತದೆ. ಊರಲ್ಲಿರುವ ನಿಮಗೆ ವೆಬ್‌ಸೈಟ್ ಕೆಟ್ಟರೆ ರೇಡಿಯೊ ಪೆಟ್ಟಿಗೆ ಇದೆ, ಅವಳಿಗೆ ಅದೂ ಇಲ್ಲ. ಗಂಟೆಯ ಲೆಕ್ಕವನ್ನೂ ಅವಳೇ ಹೇಳಬೇಕು. ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ, ನಮ್ಮ ಬೆಳಗಿನ ಆರೂವರೆಯ ಕಾರ್ಯಕ್ರಮ ಅಲ್ಲಿ ನಾಲ್ಕು ಗಂಟೆಗೆ. ನೇರ ಪ್ರಸಾರ ಎಷ್ಟೇ ಚೆನ್ನಾಗಿದ್ದರೂ ಆ ಹೊತ್ತಿಗೆ ಏಳುವವರು ಯಾರು? ನಿನ್ನೆಯದು, ಮೊನ್ನೆಯದು ಅಂತ ದಿನದ ಲೆಕ್ಕದಲ್ಲಿ ಜೋಡಿಸಿಡಿ ಅಂತ ಬರೆಯಲು ಹೇಳಿ. ಬರೆಯುವುದಕ್ಕಿಂತ ಎರಡು ನಿಮಿಷ ಮಾತಾಡಿ ಕಳಿಸಿದರೆ ಇನ್ನೂ ಒಳ್ಳೆಯದು. ನಿಲಯದವರು ಪ್ರಸಾರ ಮಾಡಿದರೆ ಮಗಳ ದನಿಯನ್ನು ನೀವು ಮನೆಯ ರೇಡಿಯೊದಲ್ಲೇ ಕೇಳಬಹುದು.